ಆಪ್ತಸಲಹೆ ಪ್ರಕರಣ: ಅಮ್ಮನಿಗೆ ಎಷ್ಟು ತೂಕ?

ಬಂದವರು 29 ವರ್ಷದ ಎಂಜಿನಿಯರ್. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಕೈಯಲ್ಲಿ ಮೂರು ಆಫರ್: ಬೆಂಗಳೂರು, ಮೈಸೂರು, ಹುಬ್ಬಳ್ಳಿ. ಅಮ್ಮ ಧಾರವಾಡದಲ್ಲಿ ಒಬ್ಬರೇ. ಮೊಬೈಲಿನಲ್ಲಿ ಎಕ್ಸೆಲ್ ಶೀಟ್ ತೆಗೆದು ತೋರಿಸಿದರು. ಕಲಿಕೆ, ಅಮ್ಮನಿಗೆ ಹತ್ತಿರ, ಕೈಗುಳಿಯುವ ದುಡ್ಡು. ಒಂದೊಂದಕ್ಕೂ ಹತ್ತರಲ್ಲಿ ಅಂಕ. ಬೆಂಗಳೂರಿಗೆ 9, 2, 7. ಹುಬ್ಬಳ್ಳಿಗೆ 5, 10, 6. ಮೈಸೂರಿಗೆ 6, 1, 6. ಯಾವುದು ಎಷ್ಟು ಮುಖ್ಯ ಅಂತ ನೂರನ್ನು ಈ ಮೂರಕ್ಕೂ ಹಂಚಬೇಕು, ಅದೇ ತೂಕ. ಅಂಕಕ್ಕೆ ತೂಕ ಗುಣಿಸಿ ಕೂಡಿದಾಗ ಯಾವ ಊರಿನ ಮೊತ್ತ ಜಾಸ್ತಿಯೋ ಅದು ಗೆದ್ದಂತೆ.

"ಮೊದಲು ಮೈಸೂರು ಅಳಿಸಿ" ಎಂದೆ. ಮೂರರಲ್ಲೂ ಅದು ಬೆಂಗಳೂರಿಗಿಂತ ಕಡಿಮೆ. ಯಾವುದಕ್ಕೆ ಎಷ್ಟೇ ತೂಕ ಕೊಟ್ಟರೂ ಗೆಲ್ಲುವುದಿಲ್ಲ. ತೂಕ ಗೊತ್ತಿಲ್ಲದವರು ಮೊದಲು ಮಾಡಬೇಕಾದ ಕೆಲಸ ಇದು. ಜನ ಬಿಡುವುದೂ ಇದನ್ನೇ.

ದುಡ್ಡಿಗೆ ನೂರರಲ್ಲಿ 10 ಸಾಕು ಅಂತ ಗಟ್ಟಿಯಾಗಿದ್ದರು. ಬೆಂಗಳೂರಲ್ಲಿ ಸಂಬಳ ಜಾಸ್ತಿ, ಬಾಡಿಗೆನೂ ಜಾಸ್ತಿ ಅಲ್ವಾ? ಉಳಿದ 90 ಹಂಚುವುದೇ ತಲೆನೋವು. "ಮೊಣಕಾಲು ಸ್ವಲ್ಪ ನೋಯಾಕತ್ತಾವ, ನೀ ಚಿಂತಿ ಮಾಡಬ್ಯಾಡ" ಅಂತ ಅಮ್ಮ ಫೋನಲ್ಲಿ ಅಂದ ರಾತ್ರಿ ಅಮ್ಮನ ತೂಕ 35. ಬೆಂಗಳೂರಿನ ಗೆಳತಿ ಜೊತೆ ಮಾತಾಡಿದ ದಿನ 25.

"ಸರಿಯಾದ ತೂಕ ನೀವೇ ಹೇಳಿ ಮೇಡಂ."

ಅದು ನಾನು ಹೇಳುವಂಥದ್ದಲ್ಲ. ಉತ್ತರ ಎಲ್ಲಿ ಮಗುಚುತ್ತದೆ ಅಂತ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅಮ್ಮನಿಗೆ 30 ಕೊಟ್ಟರೆ ಬೆಂಗಳೂರು, 31 ಆದರೆ ಹುಬ್ಬಳ್ಳಿ! ಇವರು ಓಲಾಡುತ್ತಿದ್ದ 25-35ರ ನಡುವೆಯೇ ಗಡಿ. ನಿದ್ದೆ ಕೆಟ್ಟಿದ್ದು ಸುಮ್ನೆ ಅಲ್ಲ.

ನಾನು ಕೊಟ್ಟ ಸಲಹೆ: ತೂಕ ತಿದ್ದುವುದನ್ನು ನಿಲ್ಲಿಸಿ, ಅಂಕ ಸರಿಯಿದೆಯಾ ನೋಡಿ. ಬೆಂಗಳೂರಿಗೆ ಆ 2 ಯಾಕೆ? ತಿಂಗಳಿಗೊಮ್ಮೆ, ಅದೂ ಎರಡು ದಿನ ಊರಿಗೆ ಹೋಗಬಹುದು ಅನ್ನುವ ಊಹೆ ಅಷ್ಟೇ. ಕಂಪನಿಯನ್ನು ಕೇಳಿಯೇ ಇರಲಿಲ್ಲ. ತಿಂಗಳಲ್ಲಿ ಒಂದು ವಾರ ವರ್ಕ್ ಫ್ರಮ್ ಹೋಮ್ ಸಿಗುತ್ತದಾ ಅಂತ ಮೇಲ್‌ನಲ್ಲೇ ಕೇಳಿ. ಅಮ್ಮನನ್ನೂ ಕೇಳಿ. ಅವರಿಗೆ ಬೇಕಿರುವುದು ಮಗಳು ಪಕ್ಕದ ಊರಲ್ಲಿರುವುದೋ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಒಬ್ಬರೋ?

ಕಂಪನಿ ಒಪ್ಪಿತು. ಆಸ್ಪತ್ರೆಗೆ ಪಕ್ಕದ ಮನೆಯ ಹುಡುಗ ಇದ್ದಾನೆ, ನೀನು ಬಂದಾಗ ನಾಲ್ಕು ದಿನ ಇರು, ಬಂದ ಕಾಲಲ್ಲೇ ಹೊರಡಬೇಡ ಅಂದರಂತೆ ಅಮ್ಮ. ಬೆಂಗಳೂರಿಗೆ 2 ಇದ್ದದ್ದನ್ನು ಮಗಳೇ 4 ಮಾಡಿದರು. ಗಡಿ 37ಕ್ಕೆ ಸರಿಯಿತು. ಈಗ 35 ಹಾಕಿದರೂ ಬೆಂಗಳೂರೇ.

ಮೊಣಕಾಲಿಗೆ ಆಪರೇಷನ್ ಬೇಕು ಅಂತ ಡಾಕ್ಟರ್ ಹೇಳಿದರೆ ಈ 35 ನಿಲ್ಲುವುದಿಲ್ಲ, ಆಗ ಶೀಟ್ ಮತ್ತೆ ತೆಗೆಯಬೇಕು ಅಂತಲೂ ಹೇಳಿ ಕಳಿಸಿದೆ.