ಎರಡು ಗಾಡಿ, ನಡುವೆ ಒಂದು ಅಂತರ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳ ಪತ್ರಗಳಲ್ಲಿ ರೈಲು, ಬಸ್ಸು, ದೋಣಿಗಳದ್ದೇ ಜಾತ್ರೆ. ಪರೀಕ್ಷೆ ಹತ್ತಿರ ಬಂತು ಅಂತ ಇದರಿಂದಲೇ ಗೊತ್ತಾಗುತ್ತದೆ. ಒಂದೇ ಥರದವನ್ನು ಸೇರಿಸಿ, ಬೇರೆ ಬೇರೆ ಇರುವುದನ್ನು ಮಾತ್ರ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಮಗ 10ನೇ ತರಗತಿ. ಗಾಡಿಗಳು ಎದುರುಬದುರು ಬಂದರೆ ವೇಗ ಕೂಡಿಸು, ಒಂದೇ ಕಡೆ ಹೋದರೆ ಕಳೆ ಅಂತ ಟ್ಯೂಷನ್ನಿನಲ್ಲಿ ಬಾಯಿಪಾಠ ಮಾಡಿಸಿದ್ದಾರೆ. ಪರೀಕ್ಷೆಗೆ ಕೂತಾಗ ಎರಡನ್ನೂ ಅದಲುಬದಲು ಮಾಡುತ್ತಾನೆ. ನೆನಪಿಡಲು ಏನಾದರೂ ಉಪಾಯ ಇದೆಯಾ?
ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಉಪಾಯ ಬೇಡ ತಾಯಿ, ಉಪಾಯ ಜಾಸ್ತಿಯಾಗಿಯೇ ಅವನು ಒದ್ದಾಡುತ್ತಿರುವುದು. ಕೂಡಿಸು, ಕಳೆ ಎರಡನ್ನೂ ಸದ್ಯಕ್ಕೆ ಮರೆತು ಅವನು ಒಂದೇ ಮಾತು ಕೇಳಿಕೊಳ್ಳಲಿ: ಈಗ ಇಬ್ಬರ ನಡುವೆ ಎಷ್ಟು ಅಂತರ ಇದೆ, ಒಂದು ಗಂಟೆ ಬಿಟ್ಟು ನೋಡಿದರೆ ಎಷ್ಟಿರುತ್ತದೆ?

ಮುಂಬಯಿ ಸಿಎಸ್‌ಎಂಟಿಯಿಂದ ಪುಣೆಗೆ ರೈಲು ದಾರಿ 192 ಕಿಲೋಮೀಟರ್. ಬೆಳಿಗ್ಗೆ 7ಕ್ಕೆ ಇಲ್ಲಿಂದ ಒಂದು ಗಾಡಿ ಗಂಟೆಗೆ 50ರಂತೆ ಹೊರಟಿತು, ಅದೇ ಹೊತ್ತಿಗೆ ಅಲ್ಲಿಂದ ಇನ್ನೊಂದು ಗಂಟೆಗೆ 46ರಂತೆ ಹೊರಟಿತು ಅಂದುಕೊಳ್ಳಿ. 8 ಗಂಟೆಗೆ ಒಂದು ಗಾಡಿ ಆ ಕಡೆಯಿಂದ 46, ಇನ್ನೊಂದು ಈ ಕಡೆಯಿಂದ 50 ಮುಗಿಸಿದೆ. ಅಂದರೆ 192ರಲ್ಲಿ 96 ಖಾಲಿ. ಇನ್ನೊಂದು ಗಂಟೆಗೆ ಉಳಿದ 96 ಕೂಡ ಖಾಲಿ. 9 ಗಂಟೆಗೆ ಭೇಟಿ, ಮುಂಬಯಿಯಿಂದ 100 ಕಿಲೋಮೀಟರ್ ದೂರದಲ್ಲಿ, ಹೆಚ್ಚುಕಡಿಮೆ ಕರ್ಜತ್ ಹತ್ತಿರ. ನಿಜವಾದ ಗಾಡಿ ಕರ್ಜತ್‌ನಿಂದ ಮೇಲೆ ಘಾಟ್ ಹತ್ತಲು ಹಿಂದೆ ಬೇರೆ ಎಂಜಿನ್ ಜೋಡಿಸಿಕೊಂಡು ನಿಧಾನಕ್ಕೆ ಹೋಗುತ್ತದೆ. ಪುಸ್ತಕದ ಗಾಡಿಗೆ ಘಾಟೂ ಇಲ್ಲ, ಸಿಗ್ನಲ್ಲೂ ಇಲ್ಲ, ಬಿಡಿ.

ನಾವು ಸೂತ್ರ ಹೇಳಲೇ ಇಲ್ಲ, ಕೂಡಿಸುವುದು ತಾನಾಗಿ ಬಂತು ಅಲ್ವಾ? ಈಗ ಎರಡೂ ಒಂದೇ ಕಡೆ ಹೊರಡಲಿ. 46ರ ಗಾಡಿ ಮುಂದೆ, 50ರದ್ದು ಹಿಂದೆ, ನಡುವೆ 12 ಕಿಲೋಮೀಟರ್. ಒಂದು ಗಂಟೆಯಲ್ಲಿ ಹಿಂದಿನದು 50 ಓಡಿ ಬಂತು, ಆದರೆ ಮುಂದಿನದೇನು ಕಾಯುತ್ತಾ ನಿಂತಿಲ್ಲ, ಅದೂ 46 ಓಡಿ ಹೋಗಿದೆ. ಅಂತರ ಕರಗಿದ್ದು ಬರೀ 4. ಹಿಡಿಯಲು 3 ಗಂಟೆ ಬೇಕು. ಇನ್ನು 50ರ ಗಾಡಿಯೇ ಮುಂದಿದ್ದರೆ? ಅಂತರ ಗಂಟೆಗೆ 4ರಂತೆ ಬೆಳೆಯುತ್ತಾ ಹೋಗುತ್ತದೆ, ಯಾವತ್ತೂ ಸಿಗುವುದಿಲ್ಲ. ಸೂತ್ರ ಬಾಯಿಪಾಠ ಮಾಡಿದ ಹುಡುಗ ಅಲ್ಲೂ 12 ÷ 4 ಅಂತ 3 ಗಂಟೆ ಬರೆದು ಬರುತ್ತಾನೆ.

ಅಂದ ಹಾಗೆ ಇದು ಹೊಸ ಲೆಕ್ಕವಲ್ಲ. ಆರ್ಯಭಟ ಕ್ರಿ.ಶ. 499ರಲ್ಲಿ ಇದನ್ನೇ ಆಕಾಶದ ಗ್ರಹಗಳಿಗೆ ಹೇಳಿದ್ದಾನೆ. ಎದುರುಬದುರಾದರೆ ಅಂತರವನ್ನು ವೇಗಗಳ ಮೊತ್ತದಿಂದ ಭಾಗಿಸು, ಒಂದೇ ಕಡೆಯಾದರೆ ವ್ಯತ್ಯಾಸದಿಂದ ಭಾಗಿಸು, ಭೇಟಿಯ ಕಾಲ ಸಿಗುತ್ತದೆ ಅಂತ. ಆ ಭೇಟಿ ಮುಂದೆ ಆಗುವಂಥದ್ದೂ ಇರಬಹುದು, ಆಗಿಹೋದದ್ದೂ ಇರಬಹುದು ಅಂತಲೂ ಸೇರಿಸಿದ್ದಾನೆ. ಈ ಕೊನೆಯ ಮಾತು ಮುಂದಿನ ಪತ್ರಕ್ಕೆ ಬೇಕಾಗುತ್ತದೆ.

ಪ್ರಶ್ನೆ: ಹೋಟೆಲಿನಲ್ಲಿ ಕೆಲಸ ಮಾಡುತ್ತಾ 17 ನಂಬರ್ ಫಾರ್ಮ್ (ಶಾಲೆಗೆ ಹೋಗದೆ ಪರೀಕ್ಷೆ ಬರೆಯುವವರದ್ದು) ತುಂಬಿ 10ನೇ ತರಗತಿಗೆ ಕಟ್ಟಿದ್ದೇನೆ. ಲೆಕ್ಕ ಹೀಗಿದೆ: ಬಸ್ಸು 6 ಗಂಟೆಗೆ ಹೊರಟಿತು, ವೇಗ ಗಂಟೆಗೆ 60 ಕಿ.ಮೀ. ಕಾರು 6.30ಕ್ಕೆ ಅದೇ ದಾರಿಯಲ್ಲಿ ಹೊರಟಿತು, ವೇಗ 80. ಯಾವಾಗ ಹಿಡಿಯುತ್ತದೆ? ನಾನು 60(ಎಕ್ಸ್ − ½) = 80 ಎಕ್ಸ್ ಎಂದು ಬರೆದೆ. ಉತ್ತರ ಮೈನಸ್ 1½ ಬರುತ್ತಿದೆ.
ಒಬ್ಬ ಓದುಗ, ವಡಾಲಾ

ಉತ್ತರ: ಬೀಜಗಣಿತ ಸರಿಯಾಗಿಯೇ ಮಾಡಿದ್ದೀರಿ, ಎಡವಿದ್ದು ಅದಕ್ಕೂ ಮೊದಲು. ಎಕ್ಸ್ ಅಂದರೆ ಯಾರ ಗಡಿಯಾರ? ಅದನ್ನು ಎಲ್ಲೂ ಬರೆದಿಲ್ಲ. ಬಲಗಡೆ 80 ಎಕ್ಸ್ ಅಂತ ಹಾಕಿದ ಕೂಡಲೇ ಎಕ್ಸ್ ಕಾರು ಓಡಿದ ಗಂಟೆಯಾಯಿತು. ಬಸ್ಸು ಅದಕ್ಕಿಂತ ಅರ್ಧ ಗಂಟೆ ಮೊದಲೇ ಹೊರಟಿದೆ, ಅಂದರೆ ಅರ್ಧ ಗಂಟೆ ಜಾಸ್ತಿ ಓಡಿದೆ. 'ಮೊದಲು' ಅಂತ ಓದಿದ ತಕ್ಷಣ ಕೈ ತಾನಾಗಿ ಮೈನಸ್ ಹಾಕುತ್ತದೆ. ಬಹಳ ಜನ ಮುಗ್ಗರಿಸುವುದು ಇಲ್ಲೇ. 60(ಎಕ್ಸ್ + ½) = 80 ಎಕ್ಸ್ ಅಂತ ಮಾಡಿ. 60 ಎಕ್ಸ್ + 30 = 80 ಎಕ್ಸ್, ಎಕ್ಸ್ = 1½. ಕಾರು 6.30ಕ್ಕೆ ಹೊರಟಿದ್ದರಿಂದ 8 ಗಂಟೆಗೆ, ಹೊರಟಲ್ಲಿಂದ 120 ಕಿಲೋಮೀಟರ್ ದೂರದಲ್ಲಿ ಹಿಡಿಯುತ್ತದೆ. ಎಕ್ಸನ್ನು ಬಸ್ಸಿನ ಗಂಟೆ ಅಂತ ಇಟ್ಟುಕೊಂಡರೆ 60 ಎಕ್ಸ್ = 80(ಎಕ್ಸ್ − ½), ಎಕ್ಸ್ = 2, ಆಗಲೂ 8 ಗಂಟೆಯೇ. ಯಾವುದಾದರೂ ಸರಿ, ಆದರೆ ಮೊದಲ ಸಾಲಿನಲ್ಲಿ 'ಎಕ್ಸ್ = ಕಾರು ಓಡಿದ ಗಂಟೆ' ಅಂತ ಮಾತಿನಲ್ಲಿ ಬರೆದೇ ಮುಂದೆ ಹೋಗಿ.

ನಿಮ್ಮ ಮೈನಸ್ ಕೂಡ ಸುಮ್ನೆ ಬಂದದ್ದಲ್ಲ. ನೀವು ಬರೆದ ಸಮೀಕರಣದಲ್ಲಿ ಬಸ್ಸೇ ಅರ್ಧ ಗಂಟೆ ತಡವಾಗಿ ಹೊರಟಿದೆ. ಮೊದಲು ಹೊರಟು, ಜೋರಾಗಿಯೂ ಓಡುವ ಕಾರಿಗೆ ಬಸ್ಸು ಮುಂದೆ ಎಲ್ಲಿ ಸಿಕ್ಕೀತು? ಸಿಕ್ಕಿದ್ದರೆ ಹಿಂದೆಯೇ ಸಿಕ್ಕಿರಬೇಕು. ಸಮೀಕರಣ ಅದನ್ನೇ ಹೇಳಿದೆ.

ಕೊನೆಗೆ ತಾಳೆ ನೋಡಲು ಅಂತರದ ಲೆಕ್ಕ ಮಾಡಿ. 6.30ಕ್ಕೆ ಬಸ್ಸು 30 ಕಿಲೋಮೀಟರ್ ಮುಂದೆ, ಗಂಟೆಗೆ ಕರಗುವುದು 20, ಒಂದೂವರೆ ಗಂಟೆ. ರಾತ್ರಿ ಕೆಲಸ ಮುಗಿಸಿ ಓದುವವರಿಗೆ ಬಾಯಲ್ಲೇ ಆಗುವ ಈ ತಾಳೆ ತುಂಬಾ ಉಪಯೋಗ.

ಪ್ರಶ್ನೆ: ಎರಡು ಲೋಕಲ್‌ಗಳು ಒಂದನ್ನೊಂದು ದಾಟುವ ಲೆಕ್ಕದಲ್ಲಿ ಕೆಲವೊಮ್ಮೆ ಎರಡರ ಉದ್ದವನ್ನೂ ಕೂಡಿಸುತ್ತಾರೆ, ಕೆಲವೊಮ್ಮೆ ಒಂದನ್ನೇ ಹಿಡಿಯುತ್ತಾರೆ. ಯಾಕೆ?
9ನೇ ತರಗತಿ ವಿದ್ಯಾರ್ಥಿನಿ, ಮುಲುಂಡ್

ಉತ್ತರ: ದಾಟುವುದು ಯಾರು ಅಂತ ನೋಡಿ. ಇಡೀ ಗಾಡಿಯೋ, ಅದರಲ್ಲಿ ಕೂತ ನೀವೋ?

ಎರಡೂ ಗಾಡಿ 250 ಮೀಟರ್ ಉದ್ದ ಇರಲಿ. ಸ್ಲೋ ಲೋಕಲ್ ಗಂಟೆಗೆ 36 ಕಿ.ಮೀ., ಪಕ್ಕದ ಹಳಿಯಲ್ಲಿ ಅದೇ ಕಡೆಗೆ ಫಾಸ್ಟ್ 72. ವ್ಯತ್ಯಾಸ 36, ಅಂದರೆ ಸೆಕೆಂಡಿಗೆ 10 ಮೀಟರ್. ಫಾಸ್ಟ್ ಗಾಡಿಯ ಮೂತಿ ಸ್ಲೋ ಗಾಡಿಯ ಬಾಲಕ್ಕೆ ಬಂದಾಗ ದಾಟಲು ಶುರು, ಫಾಸ್ಟಿನ ಬಾಲ ಸ್ಲೋ ಗಾಡಿಯ ಮೂತಿ ಬಿಟ್ಟಾಗ ಮುಗಿಯಿತು. ಕಾಗದದ ಎರಡು ಪಟ್ಟಿ ಕತ್ತರಿಸಿ ಮೇಜಿನ ಮೇಲೆ ಸರಿಸಿ ನೋಡಿ, 500 ಮೀಟರ್ ಯಾಕೆ ಅಂತ ಕಣ್ಣಿಗೇ ಕಾಣುತ್ತದೆ. 50 ಸೆಕೆಂಡ್. ಆದರೆ ನೀವು ಫಾಸ್ಟಿನ ಕಿಟಕಿಯಲ್ಲಿ ಕೂತು ಸ್ಲೋ ಗಾಡಿ ಕಣ್ಣ ಮುಂದೆ ಎಷ್ಟು ಹೊತ್ತು ಇತ್ತು ಅಂತ ಎಣಿಸಿದರೆ 25 ಸೆಕೆಂಡ್ ಮಾತ್ರ, ಯಾಕೆಂದರೆ ನಿಮಗೆ ಉದ್ದ ಇಲ್ಲ, ಅದಕ್ಕೆ ಇದೆ. ಎದುರಿನಿಂದ ಬಂದಿದ್ದರೆ 36 + 72 = 108, ಸೆಕೆಂಡಿಗೆ 30 ಮೀಟರ್, ಗಾಡಿಗೆ ಗಾಡಿ ದಾಟಲು 17 ಸೆಕೆಂಡೂ ಬೇಡ. ಲೆಕ್ಕದಲ್ಲಿ 'ಪ್ರಯಾಣಿಕನನ್ನು', 'ಕಂಬವನ್ನು', 'ಪ್ಲಾಟ್‌ಫಾರ್ಮನ್ನು' ಇವುಗಳ ಕೆಳಗೆ ಪೆನ್ಸಿಲ್ ಗೆರೆ ಹಾಕಿ. ಕಂಬಕ್ಕೆ ಉದ್ದ ಇಲ್ಲ, ಪ್ಲಾಟ್‌ಫಾರ್ಮಿಗೆ ಇದೆ.

ಗಂಟೆಯ ಕಿಲೋಮೀಟರನ್ನು ಸೆಕೆಂಡಿನ ಮೀಟರಿಗೆ ಬದಲಿಸುವಾಗ ಭಿನ್ನರಾಶಿಯಲ್ಲಿ 5 ಮೇಲೋ 18 ಮೇಲೋ ಅಂತ ಗೊಂದಲವಾದರೆ, ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್ ಅಂತ ಒಂದೇ ಜೋಡಿ ಇಟ್ಟುಕೊಳ್ಳಿ. 36ಕ್ಕೆ 10, 54ಕ್ಕೆ 15, 72ಕ್ಕೆ 20.

ಪ್ರಶ್ನೆ: '192 ಕಿ.ಮೀ. ದಾರಿಯಲ್ಲಿ ಗಾಡಿಯ ವೇಗ ಗಂಟೆಗೆ 16 ಹೆಚ್ಚಿದ್ದರೆ 1 ಗಂಟೆ ಕಡಿಮೆ ಹಿಡಿಯುತ್ತಿತ್ತು.' ನನಗೆ 48, −64 ಎರಡು ಉತ್ತರ ಬಂದವು.
ಪಿಂಪ್ರಿ

ಉತ್ತರ: 48. ಗಂಟೆಗೆ 48ರಂತೆ 4 ಗಂಟೆ, 64ರಂತೆ 3 ಗಂಟೆ, ತಾಳೆಯಾಯಿತು. −64 ಬಿಟ್ಟುಬಿಡಿ, ಆದರೆ 'ವೇಗ ಋಣ ಸಂಖ್ಯೆ ಆಗಲಾರದು' ಅಂತ ಒಂದು ಸಾಲು ಬರೆದೇ ಬಿಡಿ.

ಪ್ರಶ್ನೆ: ಪುಣೆಯಿಂದ ಮಹಾಬಲೇಶ್ವರಕ್ಕೆ ಹೋಗುವಾಗ ಗಂಟೆಗೆ 40, ಬರುವಾಗ 60. ಸರಾಸರಿ 50 ಅಲ್ಲ, 48 ಎನ್ನುತ್ತಾಳೆ ಮಗಳು.
ಕೊಥ್ರೂಡ್

ಉತ್ತರ: ಮಗಳೇ ಸರಿ. ದಾರಿ 120 ಕಿಲೋಮೀಟರ್ ಅಂತ ಹಿಡಿದರೆ ಹೋಗಲು 3 ಗಂಟೆ, ಬರಲು 2. 240 ಕಿಲೋಮೀಟರಿಗೆ 5 ಗಂಟೆ. ನಿಧಾನದ ವೇಗದಲ್ಲಿ ಜಾಸ್ತಿ ಹೊತ್ತು ಇದ್ದಿರಿ, ಅದಕ್ಕೇ ಸರಾಸರಿ ಆ ಕಡೆ ವಾಲಿತು. ಅವಳಿಗೆ ಇದನ್ನು ಕೇಳಿ ನೋಡಿ: ಹೋಗುವಾಗ 30ರಲ್ಲಿ ಹೋದರೆ, ಒಟ್ಟು ಸರಾಸರಿ 60 ಆಗಲು ಎಷ್ಟು ಜೋರಾಗಿ ವಾಪಸು ಬರಬೇಕು? ಉತ್ತರ ನಾವು ಹೇಳುವುದಿಲ್ಲ, 4 ಗಂಟೆ ಎಲ್ಲಿ ಹೋಯಿತು ಅಂತ ಮಾತ್ರ ನೋಡಲಿ.

ಪ್ರಶ್ನೆ: ನದಿಯಲ್ಲಿ ದೋಣಿ ಹೋಗುವಾಗ ಪ್ರವಾಹ ತಳ್ಳುತ್ತದೆ, ಬರುವಾಗ ತಡೆಯುತ್ತದೆ. ಲಾಭ ನಷ್ಟ ಸರಿಹೋಗಬೇಕಲ್ಲ?
ಪಣಜಿ

ಉತ್ತರ: ಹೋಗುವುದಿಲ್ಲ. 12 ಕಿಲೋಮೀಟರ್ ಪ್ರವಾಹದ ಜೊತೆ 1 ಗಂಟೆ, ವಾಪಸು 1½ ಗಂಟೆ ಹಿಡಿಯಿತು ಅಂದುಕೊಳ್ಳಿ. ದೋಣಿ ಎಕ್ಸ್, ನೀರು ವೈ. ಎಕ್ಸ್ + ವೈ = 12, ಎಕ್ಸ್ − ವೈ = 8. ಕೂಡಿಸಿದರೆ ದೋಣಿ 10, ನೀರು 2. ನೀರು ನಿಂತೇ ಇದ್ದಿದ್ದರೆ 24 ಕಿಲೋಮೀಟರಿಗೆ 2 ಗಂಟೆ 24 ನಿಮಿಷ ಸಾಕಿತ್ತು, ಈಗ 2 ಗಂಟೆ 30 ನಿಮಿಷ. ಮಹಾಬಲೇಶ್ವರದ ಕಾರಿಗೆ ಆದದ್ದೇ ಇದು, ತಡೆಯುವ ನೀರಿನಲ್ಲಿ ಹೆಚ್ಚು ಹೊತ್ತು ಇರಬೇಕು. ನಿಮ್ಮ ಮಾಂಡವಿಯಲ್ಲಿ ಭರತ ಇಳಿತಕ್ಕೆ ನೀರು ದಿಕ್ಕನ್ನೇ ಬದಲಿಸುತ್ತದೆ, ಅಲ್ಲಿ ಹೊತ್ತು ನೋಡಿ ಹೊರಟರೆ ಹೋಗುವಾಗಲೂ ಬರುವಾಗಲೂ ಲಾಭ ಮಾಡಬಹುದು! ಪುಸ್ತಕದ ನದಿಗೆ ಆ ಚಾಲಾಕಿ ಇಲ್ಲ.

ಅಂತರದ ಮಾತು ಇಲ್ಲೂ ನಡೆಯುತ್ತದೆ. ಪ್ರವಾಹಕ್ಕೆ ಎದುರಾಗಿ ಹೋಗುವ ದೋಣಿಯಿಂದ ಸೇತುವೆಯ ಕೆಳಗೆ ಒಂದು ತೆಂಗಿನಕಾಯಿ ನೀರಿಗೆ ಬಿತ್ತು. 15 ನಿಮಿಷ ಮುಂದೆ ಹೋದ ಮೇಲೆ ಗೊತ್ತಾಗಿ, ಅದೇ ಜೋರಿನಲ್ಲಿ ಹುಟ್ಟು ಹಾಕುತ್ತಾ ತಿರುಗಿ ಬಂದರು. ಕಾಯಿ ಸಿಗಲು ಎಷ್ಟು ಹೊತ್ತು? 15 ನಿಮಿಷ. ವೇಗ ಕೊಟ್ಟಿಲ್ಲ ಅಂತ ಗಾಬರಿ ಬೇಡ, ನೀರು ದೋಣಿಯನ್ನೂ ಕಾಯಿಯನ್ನೂ ಒಂದೇ ಸಮ ಒಯ್ಯುತ್ತದೆ, ಹಾಗಾಗಿ ಅಂತರ ಬೆಳೆದ ವೇಗದಲ್ಲೇ ಕರಗುತ್ತದೆ. ಕಾಯಿ ಸಿಕ್ಕಿದ್ದು ಸೇತುವೆಯಿಂದ 1 ಕಿಲೋಮೀಟರ್ ಕೆಳಗೆ ಅಂತ ಹೇಳಿದರೆ ನೀರಿನ ವೇಗವೂ ಸಿಕ್ಕಿತು: ಅರ್ಧ ಗಂಟೆಯಲ್ಲಿ 1 ಕಿಲೋಮೀಟರ್, ಅಂದರೆ ಗಂಟೆಗೆ 2.