ಶಾರ್ಡ್ ಹೆಚ್ಚು ಮಾಡ್ಲೋ, ರೆಪ್ಲಿಕಾ ಹಾಕ್ಲೋ?

ಪ್ರಶ್ನೆ: ಸರ್ ನಮಸ್ಕಾರ್ರಿ. ವಿಜಯಪುರದಾಗ ನಾವು ಮೂರು ಮಂದಿ ಗೆಳೆಯಾರು ಸೇರಿ ಒಣದ್ರಾಕ್ಷಿ ದರ ತೋರ್ಸೋ ಒಂದು ಆ್ಯಪ್ ನಡಸ್ತೀವ್ರಿ, ತಿಕೋಟಾ ಬಬಲೇಶ್ವರ ಕಡೆ ರೈತರು ಭಾಳ ಮಂದಿ ನೋಡ್ತಾರ. ದರ ಎಲ್ಲಾ ಕ್ಲೌಡ್‌ನಾಗಿನ ರೆಡಿಸ್ ಕ್ಯಾಶ್ (ಡೇಟಾ ಮೆಮೊರಿಯೊಳಗ ಇಟ್ಟು ಲಗೂನ ಕೊಡೋ ಸಾಫ್ಟ್‌ವೇರ್) ಕ್ಲಸ್ಟರಿನಾಗ ಇಟ್ಟೀವಿ, ಮೂರು ಶಾರ್ಡ್, ರೆಪ್ಲಿಕಾ ಸೊನ್ನೆ, ರೊಕ್ಕ ಉಳೀಲಿ ಅಂತ. ಹೋದ ತಿಂಗಳ ಲಿಲಾವಿನ ದಿನಾನ ಒಂದು ನೋಡ್ (ಕ್ಲಸ್ಟರಿನೊಳಗಿನ ಒಂದು ಸರ್ವರ್) ಬಿತ್ರಿ, ಕೆಲವು ಮಾಲಿನ ದರ ಕಾಣ್ತಾವ ಕೆಲವು ಕಾಣಂಗಿಲ್ಲ, ರೈತರು ಫೋನ್ ಮಾಡಿ ಬೈದ್ರು. ಅದಲ್ದ ಲಿಲಾವಿದ್ದಾಗ ಒಂದ ನೋಡಿನ ಸಿಪಿಯು ಏರ್ತೈತಿ, ಉಳಿದೆರಡು ಸುಮ್ನ ಕುಂತಿರ್ತಾವ. ಮೆಮೊರಿ ಅಂತೂ ಯಾವುದ್ರಾಗೂ 20 ಪರ್ಸೆಂಟ್ ದಾಟಂಗಿಲ್ಲ. ಶಾರ್ಡ್ ಮೂರಿಂದ ಆರು ಮಾಡಿದ್ರ ಸರಿ ಹೋಗ್ತೈತೇನ್ರಿ?
ಒಬ್ಬ ಓದುಗ, ವಿಜಯಪುರ

ಉತ್ತರ: ಆರು ಮಾಡಬ್ಯಾಡ್ರಿ. ರೊಕ್ಕಾನೂ ಹೋಗ್ತೈತಿ, ತ್ರಾಸೂ ತಪ್ಪಂಗಿಲ್ಲ.

ಶಾರ್ಡ್ ಅಂದ್ರ ಡೇಟಾದ ಹಂಚಿಕಿ, ಒಂದೊಂದು ಶಾರ್ಡಿನಾಗ ಒಂದೊಂದು ಪಾಲು; ರೆಪ್ಲಿಕಾ ಅಂದ್ರ ಆ ಪಾಲಿನ ನಕಲು. ರೆಡಿಸ್ ಕ್ಲಸ್ಟರಿನಾಗ ಒಟ್ಟು 16384 ಸ್ಲಾಟ್, ಅಂದ್ರ ಖಾನೆ, ಇರ್ತಾವ, ಪ್ರತಿ ಕೀಗೆ, ಅಂದ್ರ ಡೇಟಾಕ್ಕ ಇಟ್ಟ ಹೆಸರಿಗೆ, ಸಿಆರ್‌ಸಿ16 ಅನ್ನೋ ಲೆಕ್ಕ ಹಾಕಿ ಬಂದದ್ದನ್ನ 16384ರಿಂದ ಭಾಗಿಸಿದ್ರ ಉಳಿಯೋ ಶೇಷನ ಅದರ ಸ್ಲಾಟ್ ನಂಬರು. ನಿಮ್ಮ ಮೂರು ಶಾರ್ಡಿಗೆ ಒಂದೊಂದಕ್ಕ ಸುಮಾರು 5461 ಸ್ಲಾಟ್ ಬಂದಿರ್ತಾವ. ಅದಕ್ಕ ಒಂದು ನೋಡ್ ಬಿದ್ದಾಗ ಮೂರರಾಗ ಒಂದು ಪಾಲು ದರ ಅಷ್ಟ ಮಾಯ ಆದ್ವು, ಕಂಪನಿಯವರು ಆ ಜಾಗಾಕ್ಕ ಹೊಸ ನೋಡ್ ತಂದು ನಿಂದ್ರಸ್ತಾರ ಖರೆ, ಆದ್ರ ಅದು ಖಾಲಿ ನೋಡು, ನಕಲೇ ಇರದಿದ್ದಾಗ ಅದರಾಗ ತುಂಬೋದರ ಏನು. ಶಾರ್ಡ್ ಆರು ಮಾಡಿದ್ರ ಮೂರನೇ ಪಾಲಿನ ಬದ್ಲಿ ಆರನೇ ಪಾಲು ಹೋಗ್ತೈತಿ ಅಷ್ಟ, ಬೀಳಾಕ ನೋಡ್ ಮಾತ್ರ ಡಬಲ್ ಆಗ್ತಾವ.

ಇನ್ನ ಒಂದ ನೋಡಿನ ಸಿಪಿಯು ಏರೋದು. ‘ಇವತ್ತಿನ ದರ’ ಅಂತ ಮೊದಲ ಪುಟದ್ದು ಒಂದ ಕೀ ಇಟ್ಟಿರ್ಬೇಕು ನೀವು, ಲಿಲಾವಿನ ದಿನ ಎಲ್ರೂ ಅದನ್ನ ತೆಗೀತಾರ. ಒಂದು ಕೀ ಒಂದ ಸ್ಲಾಟಿನಾಗ, ಒಂದು ಸ್ಲಾಟ್ ಒಂದ ಶಾರ್ಡಿನಾಗ, ನೂರು ಶಾರ್ಡ್ ಮಾಡಿದ್ರೂ ಆ ಭಾರ ಹಂಚಂಗಿಲ್ಲ. ಓದೋ ಭಾರ ಹಂಚೋದು ರೆಪ್ಲಿಕಾ. ಆದ್ರ ರೆಪ್ಲಿಕಾ ಹಾಕಿದ ಕೂಡ್ಲೆ ಆಗಂಗಿಲ್ಲ ಮತ್ತ, ಕ್ಲಸ್ಟರ್ ಮೋಡಿನಾಗ ರೆಪ್ಲಿಕಾಕ್ಕ ಓದಾಕ ಕೇಳಿದ್ರ ಅದು ‘ಮೂವ್ಡ್’ ಅಂತ ಹೇಳಿ ಪ್ರೈಮರಿ (ಮೂಲ ನೋಡ್) ಕಡೆ ಕಳಸ್ತೈತಿ, ನಿಮ್ಮ ಕ್ಲೈಂಟ್ ಲೈಬ್ರರಿ (ಆ್ಯಪಿನಿಂದ ರೆಡಿಸ್ ಕೂಡ ಮಾತಾಡೋ ಕೋಡು) ಆ ಕನೆಕ್ಷನಿನಾಗ ಮೊದ್ಲ ‘ರೀಡ್‌ಓನ್ಲಿ’ ಕಮಾಂಡ್ ಕೊಡಬೇಕು. ರೆಪ್ಲಿಕಾದಿಂದ ಓದು ಅನ್ನೋ ಸೆಟ್ಟಿಂಗ್ ಬಹಳಷ್ಟು ಲೈಬ್ರರಿಯೊಳಗ ಇರ್ತೈತಿ, ಹುಡುಕಿ ಹಚ್ರಿ. ಇದನ್ನ ಬಿಟ್ಟು ರೆಪ್ಲಿಕಾ ಬಿಲ್ ತುಂಬಿಕೋತ ಕುಂತವರನ್ನ ನಾನು ಬೆಳಗಾವಿಯೊಳಗ ಕಂಡೀನಿ.

ಯಾವ ಕಂಪನಿದು ಅಂತ ನೀವು ಬರದಿಲ್ಲ, ಅಮೆಜಾನಿನ ಎಲಾಸ್ಟಿಕ್ಯಾಶ್ ಲೆಕ್ಕದಾಗ ಹೇಳ್ತೀನಿ, ಬ್ಯಾರೆ ಕಡೆ ಹೆಸರು ಬ್ಯಾರೆ ಇರ್ತಾವ. ಅಲ್ಲಿ ಒಂದು ಶಾರ್ಡಿಗೆ ಒಂದು ಪ್ರೈಮರಿ, ಸೊನ್ನೆಯಿಂದ 5ರ ತನಕ ರೆಪ್ಲಿಕಾ. ಎಲ್ಲಾ ಶಾರ್ಡಿಗೂ ಒಂದ ಲೆಕ್ಕ ಕೊಡಬಹುದು, ಇಲ್ಲಾ 0001, 0002 ಅಂತ ಶಾರ್ಡ್ ಐಡಿ ಹಿಡದು ಭಾರ ಇದ್ದದ್ದಕ್ಕ ಅಷ್ಟ ಹೆಚ್ಚು ಕೊಡಬಹುದು. ಈಗ ಲೆಕ್ಕ ಹಾಕ್ರಿ, ನೀವಂದಂಗ ಆರು ಶಾರ್ಡ್ ಅಂದ್ರ 6 ನೋಡ್, ಮೂರು ಶಾರ್ಡಿಗೆ ಒಂದೊಂದು ರೆಪ್ಲಿಕಾ ಅಂದ್ರೂ 6 ನೋಡ್. ಬಿಲ್ ಒಂದ. ಅಷ್ಟೂ ಬ್ಯಾಡ ಅಂದ್ರ, ಮೂರೂ ನೋಡಿನ 20 ಪರ್ಸೆಂಟ್ ಕೂಡಿಸಿದ್ರ 60, ಅಂದ್ರ ನಿಮ್ಮ ಡೇಟಾ ಎಲ್ಲಾ ಒಂದ ನೋಡಿನಾಗ ಹಿಡಿತೈತಿ, ಶಾರ್ಡ್ ಒಂದಕ್ಕ ಇಳಿಸಿ ಎರಡು ರೆಪ್ಲಿಕಾ ಹಾಕ್ರಿ, ಈಗ ಕೊಡೋ ಮೂರು ನೋಡಿನ ರೊಕ್ಕದಾಗ ಕೆಲಸ ಮುಗೀತು. ನಾನಾಗಿದ್ರ ಇದನ್ನ ಮಾಡ್ತಿದ್ದೆ.

ಆದ್ರ ನಕಲು ಎಲ್ಲಿ ಇಟ್ಟೀರಿ ಅನ್ನೋದು ನಕಲು ಎಷ್ಟು ಅನ್ನೋದಕ್ಕಿಂತ ದೊಡ್ಡದು. ದಲಾಲಿ ಅಂಗಡ್ಯಾಗ ದಿವಾನಜಿ ಕಿರ್ದಿ ಬರಿತಾನ, ಬಾಜೂಕ ಒಬ್ಬ ಹುಡುಗ ಕುಂತು ಅದನ್ನ ನೋಡಿ ಇನ್ನೊಂದು ವಹಿಯೊಳಗ ಬರಕೋತಾನ ಅನ್ಕೊಳ್ರಿ, ಎರಡೂ ವಹಿ ಒಂದ ಟ್ರಂಕಿನಾಗ ಇಟ್ರ ಬೆಂಕಿ ಬಿದ್ದ ದಿನ ಎರಡೂ ಸುಟ್ಟು ಹೋಗ್ತಾವ. ಮುಂಬೈ ರೀಜನ್ನಿನಾಗ ಮೂರು ಅವೈಲಬಿಲಿಟಿ ಝೋನ್ (ಬ್ಯಾರೆ ಬ್ಯಾರೆ ಡೇಟಾ ಸೆಂಟರ್ ಗುಂಪು) ಅದಾವ, ಪ್ರೈಮರಿ ಒಂದರಾಗ, ರೆಪ್ಲಿಕಾ ಬ್ಯಾರೆದ್ರಾಗ ಇಡ್ರಿ, ಮಲ್ಟಿ ಏಝೆಡ್ (ಒಂದಕ್ಕಿಂತ ಹೆಚ್ಚು ಝೋನ್ ಬಳಸೋದು) ಮತ್ತ ಆಟೋಮ್ಯಾಟಿಕ್ ಫೇಲೋವರ್ (ಪ್ರೈಮರಿ ಬಿದ್ರ ರೆಪ್ಲಿಕಾ ತಾನಾಗೆ ಅದರ ಜಾಗಾಕ್ಕ ಬರೋದು) ಎರಡೂ ಆನ್ ಇರ್ಲಿ. ಒಂದ್ಸಲ ನಾನು ಗಡಿಬಿಡಿಯೊಳಗ ಎರಡನ್ನೂ ಒಂದ ಝೋನಿನಾಗ ಇಟ್ಟಿದ್ದೆ, ಮೂರು ತಿಂಗಳ ಮ್ಯಾಲೆ ನೋಡಿದಾಗ ಎದಿ ಧಸಕ್ಕಂತು.

ಅದ ಹುಡುಗನ ಮಾತು ಇನ್ನೊಂದೈತಿ. ದಿವಾನಜಿ ಬರದ ಕಡೀ ಎರಡು ಸಾಲು ಅವನಿನ್ನೂ ನಕಲು ಮಾಡಿರಂಗಿಲ್ಲ. ರೆಡಿಸ್ ರೆಪ್ಲಿಕೇಶನ್ನೂ ಹಂಗ, ಪ್ರೈಮರಿ ಮೊದ್ಲ ‘ಆತು’ ಅಂತ ಉತ್ತರ ಕೊಡ್ತೈತಿ, ನಕಲು ಹಿಂದಿಂದ ಹೋಗ್ತೈತಿ, ಆ ನಡುವ ಪ್ರೈಮರಿ ಬಿದ್ರ ಕಡೀಗೆ ಬರದದ್ದು ಹೋತು. ದರ ತೋರ್ಸಾಕ ಇದು ನಡಿತೈತಿ. ಯಾರು ಎಷ್ಟಕ್ಕ ಕೂಗಿದ್ರು ಅನ್ನೋದನ್ನೂ ಕ್ಯಾಶಿನಾಗ ಅಷ್ಟ ಇಟ್ಟಿದ್ರ ಇವತ್ತ ತಗದು ಡೇಟಾಬೇಸಿಗೆ ಹಾಕ್ರಿ, ಅದು ರೈತನ ವರ್ಷದ ದುಡಿಮಿ.

ರೆಪ್ಲಿಕಾ ಸೇರಿಸೋದು ರಾತ್ರಿ ಮಾಡ್ರಿ, ಹೊಸಾದಕ್ಕ ಪ್ರೈಮರಿ ತನ್ನ ಡೇಟಾ ಪೂರ್ತಿ ಕಳಸಬೇಕಾಗ್ತೈತಿ, ಅದಕ್ಕ ಮೆಮೊರಿನೂ ಬೇಕು, 25 ಪರ್ಸೆಂಟ್ ರಿಸರ್ವ್ ಅಂತ ಇಟ್ಟಿರೋದು ಇದಕ್ಕನ, ಕಡಿಮಿ ಮಾಡಬ್ಯಾಡ್ರಿ. ಆಮ್ಯಾಲೆ ಲಿಲಾವು ಇಲ್ಲದ ದಿನ ನೋಡಿ ಟೆಸ್ಟ್ ಫೇಲೋವರ್ ಒತ್ರಿ, ಆ್ಯಪ್ ಕೈಯಾಗ ಹಿಡ್ಕೊಂಡು ದರದ ಪುಟ ತೆಗೀತಾನ ಇರ್ರಿ, ಎಷ್ಟು ಸೆಕೆಂಡ್ ನಿಂತು ಮತ್ತ ಬಂತು ಅಂತ ಬರದಿಡ್ರಿ. ತಾನಾಗೆ ಬರ್ಲಿಲ್ಲ, ಆ್ಯಪ್ ಸರ್ವರ್ ರಿಸ್ಟಾರ್ಟ್ ಮಾಡಬೇಕಾತು ಅಂದ್ರ ನಿಮ್ಮ ಕೋಡಿನಾಗ ಯಾವುದೋ ನೋಡಿನ ಅಡ್ರೆಸ್ ನೇರ ಬರದಿರಬಹುದು, ಅದನ್ನ ತಗದು ಕಾನ್ಫಿಗರೇಶನ್ ಎಂಡ್‌ಪಾಯಿಂಟ್ (ಇಡೀ ಕ್ಲಸ್ಟರಿಗೆ ಇರೋ ಒಂದ ಅಡ್ರೆಸ್) ಹಾಕಿ ಇನ್ನೊಮ್ಮೆ ಒತ್ತಿ ನೋಡ್ರಿ.