ಮಕ್ಕಳ ನರ್ವ್ ಕಂಡಕ್ಷನ್ ಟೆಸ್ಟ್‌ಗೆ ನಾರ್ಮಲ್ ವ್ಯಾಲ್ಯೂ ಕಟ್ಟಲು ಎಷ್ಟು ಆರೋಗ್ಯವಂತ ಮಕ್ಕಳು ಬೇಕು?

ನನ್ನ ಥೀಸಿಸ್ಸೂ ಇದೇ ಆಗಿತ್ತು. ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಅದರಲ್ಲಿ ಸಂಕೇತ ಎಷ್ಟು ವೇಗವಾಗಿ ಓಡುತ್ತದೆ ಅಂತ ಅಳೆಯುವ ಟೆಸ್ಟ್ ಇದು. ಮಕ್ಕಳು ಸಿಗುವುದಿಲ್ಲ ಕಣ್ರೀ. ಚೆನ್ನಾಗಿ ಆಡಿಕೊಂಡಿರುವ ಮಗುವಿಗೆ ಕರೆಂಟ್ ಕೊಡಿ ಅಂತ ಯಾವ ತಾಯಿ ತಂದು ಕೂರಿಸುತ್ತಾಳೆ? ಒಪ್ಪಿ ಬಂದವರೂ ಮೊದಲ ಶಾಕ್‌ಗೆ ಮಗು ಕಿರುಚಿದ ತಕ್ಷಣ ಎತ್ತಿಕೊಂಡು ಹೊರಟರು. ಸಿಕ್ಕವರೇ ಕಮ್ಮಿ ಅಂತ ಹುಟ್ಟಿದ ಕೂಸಿನಿಂದ ಎರಡು ವರ್ಷದವರೆಗೆ ಒಂದೇ ಗುಂಪು ಮಾಡಿಬಿಟ್ಟೆ. ಕೆಟ್ಟಿದ್ದು ಅಲ್ಲೇ.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ತಿಂಗಳು ತುಂಬಿ ಹುಟ್ಟಿದ ಕೂಸಿನ ಕೈ ನರದಲ್ಲಿ ವೇಗ ಸೆಕೆಂಡಿಗೆ 25-30 ಮೀಟರ್. ದೊಡ್ಡವರ ಅರ್ಧ. ನರದ ಹೊದಿಕೆ, ಅಂದರೆ ಮೈಲಿನ್ ಪದರ, ದಪ್ಪವಾದಂತೆ ಏರುತ್ತಾ 3ರಿಂದ 5 ವರ್ಷದೊಳಗೆ ದೊಡ್ಡವರ ಮಟ್ಟ, ಅಂದರೆ 50ರ ಮೇಲೆ, ಮುಟ್ಟುತ್ತದೆ. ಏರುವುದು ಜಾಸ್ತಿ ಮೊದಲ ವರ್ಷದಲ್ಲೇ. ಈಗ ಕೂಸನ್ನೂ ಓಡಾಡುವ ಮಗುವನ್ನೂ ಸೇರಿಸಿ ಲೆಕ್ಕ ಹಾಕಿ. ಸರಾಸರಿ 36, ಎಸ್‌ಡಿ (ವ್ಯಾಲ್ಯೂಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 7 ಬಂತು ಅನ್ನಿ. ಎರಡು ಎಸ್‌ಡಿ ಕಳೆದರೆ ನಾರ್ಮಲ್‌ನ ಕೆಳಗಿನ ಗೆರೆ 22. ಇಪ್ಪತ್ತು ತಿಂಗಳ ಮಗುವಿಗೆ 28 ಬಂದರೆ ಮೈಲಿನ್ ಕೆಟ್ಟಿದೆಯಾ ಅಂತ ಅನುಮಾನ ಪಡಲೇಬೇಕು. ಇಂಥ ಟೇಬಲ್ ಅದಕ್ಕೆ ನಾರ್ಮಲ್ ಅನ್ನುತ್ತದೆ! ಗೈಡ್ ಒಂದೇ ನೋಟಕ್ಕೆ ಹಿಡಿದರು. ಥೀಸಿಸ್ ವಾಪಸ್, ಪರೀಕ್ಷೆ ಮುಂದಕ್ಕೆ. ತಿಂಗಳು ತುಂಬದೆ ಹುಟ್ಟಿದವರ ವಯಸ್ಸನ್ನು ಹೆರಿಗೆ ದಿನದಿಂದ ಎಣಿಸಿದ್ದು ಬೇರೆ. ಹೆರಿಗೆ ಬೇಗ ಆಯಿತು ಅಂತ ಮೈಲಿನ್ ಅವಸರ ಮಾಡುವುದಿಲ್ಲ, ಗರ್ಭದ ದಿನಗಳನ್ನೂ ಸೇರಿಸಿ ಎಣಿಸಬೇಕು.

ಅದಕ್ಕೇ ಹೇಳುವುದು, ಎಷ್ಟು ಮಕ್ಕಳು ಅನ್ನುವ ಪ್ರಶ್ನೆಯನ್ನೇ ಬಿಡಿ. ಆರೋಗ್ಯವಂತ ಮಕ್ಕಳ ಸ್ನಾಯುವಿಗೆ ಇಎಂಜಿ (ಸ್ನಾಯುವಿನ ವಿದ್ಯುತ್ ನೋಡುವ ಟೆಸ್ಟ್) ಸೂಜಿ ಚುಚ್ಚುವ ಮಾತಂತೂ ಎತ್ತಲೇಬೇಡಿ. ನಿಮ್ಮ ಲ್ಯಾಬಿನ ಹಳೇ ರಿಪೋರ್ಟ್‌ಗಳನ್ನು ತೆಗೆಯಿರಿ. ಜೋ ಜಬ್ರೆ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಇ-ನಾರ್ಮ್ಸ್ ವಿಧಾನ ಇರುವುದೇ ಇದಕ್ಕೆ. ಒಂದೇ ವಯಸ್ಸಿನವರ ವ್ಯಾಲ್ಯೂಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಗ್ರಾಫ್ ಹಾಕಿದರೆ ಗೆರೆ ಎರಡು ತುದಿಯಲ್ಲಿ ಕಡಿದಾಗಿ ಏರುತ್ತದೆ, ನಡುವೆ ಚಪ್ಪಟೆ. ಆ ಚಪ್ಪಟೆ ಭಾಗವೇ ನಾರ್ಮಲ್. ಬಂದವರೆಲ್ಲ ರೋಗಿಗಳಲ್ವಾ ಅಂತ ಗೈಡ್ ಕೇಳಿಯೇ ಕೇಳುತ್ತಾರೆ. ಟೆಸ್ಟ್‌ಗೆ ಬಂದ ಎಷ್ಟೋ ಮಕ್ಕಳ ನರ ಸರಿಯಾಗೇ ಇರುತ್ತದೆ ಅನ್ನಿ.

ಚರ್ಮದ ಉಷ್ಣತೆ ಬರೆಯದ ರಿಪೋರ್ಟ್ ಮಾತ್ರ ಪಕ್ಕಕ್ಕಿಡಿ. ಒಂದು ಡಿಗ್ರಿ ತಣ್ಣಗಾದರೆ ವೇಗ ಸುಮಾರು 2 ಮೀಟರ್ ಇಳಿಯುತ್ತದೆ, ಎಸಿ ರೂಮಿನಲ್ಲಿ ಕೂಸಿನ ಕೈ ಕೊರೆಯುತ್ತಿರುತ್ತದೆ. ಹೊಸ ಟೆಸ್ಟ್‌ಗಳಲ್ಲಿ ಸಂಕೇತ ಓಡುವ ದೂರ ಅಳೆಯಲು ಟೇಪ್ ಹಿಡಿಯುವ ಕೆಲಸ ಒಬ್ಬರಿಗೇ ಕೊಡಿ. ಎರಡು ಗುರುತಿನ ನಡುವೆ ಆರು ಸೆಂಟಿಮೀಟರ್ ಇರುವ ಪುಟ್ಟ ಕೈಯಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೂ ವೇಗ ಶೇ. 8ರಷ್ಟು ತಪ್ಪುತ್ತದೆ.